ಹೊಗೆಸೊಪ್ಪು ಮಾರುವವರಿಗೆ ಲೈಸೆನ್ಸು ಬೇಡವೆ?

ತೆರಕಣಾಂಬಿಯ ಪೇಟೆಯಲ್ಲಿ ಈರುಳ್ಳಿ ಪೈರಿಗೆ ಹೊಡೆಯುವ ಔಷಧಿಯನ್ನು ಮಾರಬೇಕಾದರೆ ಲೈಸೆನ್ಸು ಬೇಕು. ೧೯೬೮ರ ಕೀಟನಾಶಕ ಕಾಯಿದೆಯೂ ಅದರ ೧೯೭೧ರ ನಿಯಮಗಳೂ ಹಾಗೆಂದು ವಿಧಿಸಿವೆ. ಆ ಲೈಸೆನ್ಸನ್ನು ಬಂದವರ ಕಣ್ಣಿಗೆ ಬೀಳುವಂತೆ ಅಂಗಡಿಯಲ್ಲಿ ತೂಗುಹಾಕಬೇಕು. ಬಂದ ಸರಕಿಗೂ ಹೋದ ಸರಕಿಗೂ ಲೆಕ್ಕ ಇಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಮನುಷ್ಯರಾಗಲಿ ದನಕರುಗಳಾಗಲಿ ತಿನ್ನುವ ಪದಾರ್ಥವಿರುವ ಕಟ್ಟಡದಲ್ಲಿ ಈ ಔಷಧಿಯನ್ನು ಇಡಲೂ ಕೂಡದು, ಮಾರಲೂ ಕೂಡದು (ಸೊಳ್ಳೆಬತ್ತಿಯಂತಹ ಮನೆಬಳಕೆಯ ಸರಕಿನ ಮಾತು ಬೇರೆ). ಗೊಬ್ಬರ ಮಾರುವವನ ಬೆನ್ನ ಹಿಂದೆ ೧೯೮೫ರ ಗೊಬ್ಬರ ನಿಯಂತ್ರಣ ಆಜ್ಞೆಯುಂಟು. ಮದ್ಯ ಮಾರುವವನ ತಲೆಯ ಮೇಲೆ ೧೯೬೫ರ ಅಬಕಾರಿ ಕಾಯಿದೆಯುಂಟು. ಈ ಮೂವರ ಸಮೀಪದಲ್ಲೇ ಮೂರಡಿ ಅಗಲದ ಒಂದು ಪೆಟ್ಟಿಗೆ ಅಂಗಡಿ. ಒಂದು ಪಕ್ಕಕ್ಕೆ ಕಡಲೆಮಿಠಾಯಿಯ ಡಬ್ಬಿ, ಇನ್ನೊಂದು ಪಕ್ಕಕ್ಕೆ ಪೆಪ್ಪರಮಿಂಟಿನ ಡಬ್ಬಿ, ಮೇಲೆ ಮಾವಿನ ತೋರಣದಂತೆ ಇಳಿಬಿದ್ದ ತಂಬಾಕಿನ ಚೀಟಿಗಳು. ಈ ಅಂಗಡಿಗೆ ಮಾತ್ರ ಗೋಡೆಯೂ ಇಲ್ಲ, ಗೋಡೆಯ ಮೇಲೆ ತೂಗುಹಾಕಬೇಕಾದ ಕಾಗದವೂ ಇಲ್ಲ.

ಕೀಟನಾಶಕಕ್ಕೂ ಹೊಗೆಸೊಪ್ಪಿಗೂ ಎತ್ತಣ ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧ ತೀರ ಹತ್ತಿರದ್ದು. ಹೊಗೆಸೊಪ್ಪನ್ನು ನೀರಿನಲ್ಲಿ ಕೊಳೆಹಾಕಿ, ಆ ಕಷಾಯವನ್ನು ಗಿಡದ ಹೇನಿಗೆ ಎರಚುವ ಪದ್ಧತಿ ಹಳೆಯ ಒಕ್ಕಲಿಗೆ ತಿಳಿದದ್ದೇ. ಅದೇ ಸಾರವನ್ನು ನಿಕೋಟಿನ್ ಸಲ್ಫೇಟ್ ಎಂಬ ಹೆಸರಿನಲ್ಲಿ ಸೀಸೆಗೆ ತುಂಬಿ ಕೀಟನಾಶಕವಾಗಿ ಮಾರುತ್ತಿದ್ದರು. ೧೯೯೨ರಲ್ಲಿ ಭಾರತ ಸರ್ಕಾರ ಅದರ ಬಳಕೆಯನ್ನು ದೇಶದೊಳಗೆ ನಿಷೇಧಿಸಿತು. ತಯಾರಿಸಿ ಹೊರದೇಶಕ್ಕೆ ಕಳುಹಿಸುವುದಕ್ಕೆ ಮಾತ್ರ ಅನುಮತಿ ಉಳಿಸಿಕೊಂಡಿತು. ಅಂದರೆ, ಎಲೆಯ ಸಾರವನ್ನು ಬದನೆಗಿಡದ ಹೇನಿನ ಮೇಲೆ ಎರಚುವುದು ಅಪರಾಧ. ಎಲೆಯನ್ನೇ ಪುಡಿಮಾಡಿ, ಸುಣ್ಣ ಬೆರೆಸಿ, ಹದಿನಾರು ವರ್ಷದ ಹುಡುಗನ ಕೆಳತುಟಿಯ ಸಂದಿಗೆ ತುಂಬುವುದಾದರೆ ಅದಕ್ಕೆ ಬೇಕಾದದ್ದು ಕೆಲವು ರೂಪಾಯಿಯ ಚಿಲ್ಲರೆ. ಹೇನಿಗೆ ಇರುವ ರಕ್ಷಣೆ ಹುಡುಗನಿಗೆ ಇಲ್ಲ.

ಕಾನೂನೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಕಾನೂನು ಇದೆ, ಚೆನ್ನಾಗಿಯೇ ಇದೆ. ೨೦೦೩ರ ಕೇಂದ್ರ ಕಾಯಿದೆ, ಹದಿನೆಂಟು ತುಂಬದವರಿಗೆ ತಂಬಾಕು ಮಾರಬಾರದೆಂದಿತು. ವಿದ್ಯಾಸಂಸ್ಥೆಗಳಿಂದ ನೂರು ಗಜದ ಒಳಗೆ ಮಾರಬಾರದೆಂದಿತು. ಆ ನೂರು ಗಜವನ್ನು ಶಾಲೆಯ ಆವರಣದ ಗೋಡೆಯಿಂದಲೋ ಬೇಲಿಯಿಂದಲೋ ಸುತ್ತಲೂ ಅಳೆಯಬೇಕೆಂದು ೨೦೦೪ರ ನಿಯಮಗಳು ವಿವರಿಸಿದವು. ಇಪ್ಪತ್ತು ವರ್ಷಗಳ ತರುವಾಯ ನಮ್ಮ ರಾಜ್ಯವೇ ಮುಂದೆ ಬಂದು ಅದಕ್ಕೆ ತಿದ್ದುಪಡಿ ತಂದಿತು. ೨೦೨೪ರ ಫೆಬ್ರವರಿಯಲ್ಲಿ ವಿಧಾನಮಂಡಲ ಒಪ್ಪಿದ ಆ ಮಸೂದೆಗೆ ೨೦೨೫ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಈಗ ಕರ್ನಾಟಕದಲ್ಲಿ ೨೧ ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಸಿಗರೇಟನ್ನು ಬಿಡಿಯಾಗಿ ಮಾರುವಂತಿಲ್ಲ. ಹುಕ್ಕಾ ಬಾರುಗಳನ್ನು ನಡೆಸುವಂತಿಲ್ಲ; ನಡೆಸಿದರೆ ಸೆರೆವಾಸ. ೨೦೦ ರೂಪಾಯಿಯ ದಂಡ ೧೦೦೦ಕ್ಕೆ ಏರಿದೆ. ನೂರು ಗಜ ಹೋಗಿ ನೂರು ಮೀಟರು ಬಂದಿದೆ.

ಇದನ್ನು ಮಾಡಿದವರನ್ನು ನಾನು ಮನಸಾರೆ ಅಭಿನಂದಿಸುತ್ತೇನೆ. ಆದರೆ ಗಜ ಹೋಗಿ ಮೀಟರು ಬಂದದ್ದರಿಂದ ಮಕ್ಕಳಿಗೂ ತಂಬಾಕಿಗೂ ನಡುವೆ ಹೆಚ್ಚಿದ ಅಂತರ ಎಂಟೂವರೆ ಮೀಟರು ಮಾತ್ರ. ಗಂಡು ಹುಡುಗನೊಬ್ಬನ ಹನ್ನೆರಡು ಹೆಜ್ಜೆ. ಕಾಯಿದೆಯ ನಿಜವಾದ ಕೊರತೆ ಬೇರೆ ಕಡೆ ಇದೆ. ಎಲ್ಲಿ ಮಾರಕೂಡದೆಂದು ಅದು ಹೇಳುತ್ತದೆ, ಯಾರಿಗೆ ಮಾರಕೂಡದೆಂದೂ ಹೇಳುತ್ತದೆ. ಯಾರು ಮಾರಬಹುದೆಂಬ ಪ್ರಶ್ನೆಗೆ ೨೦೦೩ರಲ್ಲೂ ಉತ್ತರವಿರಲಿಲ್ಲ, ೨೦೨೫ರಲ್ಲೂ ಇಲ್ಲ. ಹೆಸರು ಗೊತ್ತಿಲ್ಲದ ವ್ಯಾಪಾರಿಗೆ ಗೆರೆ ಎಳೆದು ತೋರಿಸಿದರೆ ಅವನು ಗೆರೆಯ ಆಚೆಗೆ ಒಂದು ದಿನ ನಿಲ್ಲುತ್ತಾನೆ, ಮರುದಿನ ಈಚೆಗೆ ಬರುತ್ತಾನೆ. ದಂಡ ತೆತ್ತವನು ಸಾಯಂಕಾಲ ಮತ್ತೆ ಅದೇ ಜಾಗದಲ್ಲಿ ಬುಟ್ಟಿ ಇಳಿಸುತ್ತಾನೆ. ಅವನಿಂದ ಕಿತ್ತುಕೊಳ್ಳಬಹುದಾದದ್ದು ಒಂದು ಸಾವಿರ ರೂಪಾಯಿ. ಮಾರುವ ಹಕ್ಕನ್ನು ಕಿತ್ತುಕೊಳ್ಳುವಂತಿಲ್ಲ, ಏಕೆಂದರೆ ಆ ಹಕ್ಕನ್ನು ಯಾರೂ ಅವನಿಗೆ ಕೊಟ್ಟೇ ಇಲ್ಲ.

ತೆರಕಣಾಂಬಿಯ ಮಟ್ಟಿಗೆ ಈ ನೂರು ಮೀಟರಿನ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಗರದ ವಾಚಕರು ಈ ಊರನ್ನು ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ದಾರಿಯಲ್ಲಿ, ಬಸ್ಸಿನ ಕಿಟಕಿಯಿಂದ ನೋಡಿರಬಹುದು. ಹೋಬಳಿಯ ಕೇಂದ್ರ, ತರಕಾರಿಯ ದೊಡ್ಡ ಮಾರುಕಟ್ಟೆ. ಇಲ್ಲಿಂದ ಹೊರಟ ಲಾರಿಗಳು ಕೇರಳಕ್ಕೂ ತಮಿಳುನಾಡಿಗೂ ಇಳಿಯುತ್ತವೆ. ಸುತ್ತಣ ಹಳ್ಳಿಗಳ ಮಕ್ಕಳಿಗೆ ಪ್ರೌಢಶಾಲೆ, ಕಾಲೇಜು ಎಂದರೆ ಈ ಊರೇ. ಅವರು ಬೆಳಗ್ಗೆ ಬಸ್ಸಿನಲ್ಲಿ ಬಂದಿಳಿಯುತ್ತಾರೆ, ಸಾಯಂಕಾಲ ಬಸ್ಸಿಗೆ ಕಾಯುತ್ತಾರೆ. ಬಸ್ಸು ಸಮಯಕ್ಕೆ ಬರುವ ಪೈಕಿಯಲ್ಲ. ಹೀಗಾಗಿ ಹುಡುಗನು ಶಾಲೆಯ ಗೋಡೆಯ ಬಳಿ ನಿಲ್ಲುವ ಹೊತ್ತು ದಿನಕ್ಕೆ ಐದು ನಿಮಿಷ. ಬಸ್ಸು ನಿಲ್ಲುವೆಡೆಯಲ್ಲಿ ನಿಲ್ಲುವ ಹೊತ್ತು ಒಂದು ಗಂಟೆ, ಕೆಲವು ದಿನ ಎರಡು. ನಮ್ಮ ಕಾನೂನು ಐದು ನಿಮಿಷದ ಜಾಗದಿಂದ ಟೇಪು ಹಿಡಿದು ಅಳೆಯುತ್ತದೆ. ಎರಡು ಗಂಟೆಯ ಜಾಗಕ್ಕೆ ಅದು ಕುರುಡು. ಕೈಯಲ್ಲಿ ಮನೆಯವರು ಕೊಟ್ಟ ಚಿಲ್ಲರೆ, ಮಾಡಲು ಕೆಲಸವಿಲ್ಲದ ಹೊತ್ತು, ಪಕ್ಕದಲ್ಲಿ ತನಗಿಂತ ಎರಡು ವರ್ಷ ದೊಡ್ಡವನಾದ ಗೆಳೆಯ, ಎದುರಿಗೆ ಆ ತೋರಣ. ಬೇರೇನು ಆದೀತು?

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಆರೋಗ್ಯಶಾಸ್ತ್ರ ನನ್ನ ವಿಷಯವಲ್ಲ. ಆದರೆ ಹಳಗನ್ನಡದ ಪದ್ಯವನ್ನು ಹುಡುಗರಿಂದ ಗಟ್ಟಿಯಾಗಿ ಓದಿಸುವ ಒಂದು ಹಳೆಯ ಚಾಳಿ ನನಗಿದೆ. ರಗಳೆಯೋ ಕಂದವೋ ಕಿವಿಗೆ ಬೀಳದೆ ಮನಸ್ಸಿಗೆ ಇಳಿಯುವುದಿಲ್ಲವೆಂಬುದು ನನ್ನ ನಂಬಿಕೆ. ಹಿಂದಿನ ಬೆಂಚಿನ ಹುಡುಗರನ್ನು ಎಬ್ಬಿಸಿದಾಗ ಕೆಲವರು ಎದ್ದು ನಿಲ್ಲುತ್ತಾರೆ, ಬಾಯಿ ಮಾತ್ರ ಬಿಡುವುದಿಲ್ಲ. ಮೊದಮೊದಲು ಇದು ಸಂಕೋಚವೆಂದು ತೋರುತ್ತದೆ. ನಾಲ್ಕು ದಿನ ಗಮನಿಸಿದರೆ ಕೆಳತುಟಿ ಒಂದಿಷ್ಟು ಉಬ್ಬಿರುವುದು ಕಾಣುತ್ತದೆ. ಓದಲೇಬೇಕೆಂದು ಒತ್ತಾಯಿಸಿದರೆ ಕಿಟಕಿಯ ಕಡೆ ಒಮ್ಮೆ ತಿರುಗಿ ಬಂದು ಓದುತ್ತಾರೆ. ಆಗಲೂ ಳಕಾರ ಲಕಾರವಾಗಿ, ಷಕಾರ ಗಾಳಿಯಾಗಿ ಹೊರಡುತ್ತದೆ. ನನ್ನ ವೃತ್ತಿಬಾಂಧವರಲ್ಲಿ ಇದನ್ನು ಕಾಣದವರು ಯಾರೂ ಇಲ್ಲ, ಕಂಡು ಸುಮ್ಮನಿರುವವರೇ ಬಹಳ. ಹುಡುಗನನ್ನು ಹೊರಗೆ ಕಳುಹಿಸಿದರೆ ಎಲ್ಲಿಗೆ ಹೋಗುತ್ತಾನೆ? ಅದೇ ಅಂಗಡಿಗೆ.

ಇಂತಹವನು ಮುಂದೆ ಏನಾಗುತ್ತಾನೆಂಬುದು ಊಹೆಯ ಮಾತಲ್ಲ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಗೆ ಬಾಯಿಗೆ ಟವಲು ಅಡ್ಡ ಹಿಡಿದುಕೊಂಡು ಹೋಗುವ ಹಳ್ಳಿಗರನ್ನು ಕಂಡವರಿಗೆ ಅದು ತಿಳಿದಿದೆ. ಭಾರತದಲ್ಲಿ ತಂಬಾಕಿನಿಂದ ವರ್ಷಕ್ಕೆ ೧೩ ಲಕ್ಷಕ್ಕೂ ಹೆಚ್ಚು ಮಂದಿ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹೇಳುತ್ತದೆ. ಲಕ್ಷದ ಲೆಕ್ಕ ಕೇಳಿದ ಕಿವಿ ಬೇಗ ಜಡವಾಗುತ್ತದೆ. ಆದುದರಿಂದ ಅದನ್ನು ಹೆಚ್ಚು ಹಿಗ್ಗಿಸುವುದಿಲ್ಲ.

"ಎಲೆಅಡಿಕೆ ಹೊಗೆಸೊಪ್ಪು ನಮ್ಮ ಪೂರ್ವಿಕರ ಪದ್ಧತಿ, ಮನೆಗೆ ಬಂದವರಿಗೆ ತಟ್ಟೆ ಮುಂದಿಡುವುದು ಮೈಸೂರು ಸೀಮೆಯ ಮರ್ಯಾದೆ, ಅದಕ್ಕೂ ಲೈಸೆನ್ಸೆ?" ಎಂದು ಗೊಣಗುವ ಹಿರಿಯರಿದ್ದಾರೆ. ಇವರಿಗೆ ಉತ್ತರ ಹೇಳುವುದು ಕನ್ನಡ ಮೇಷ್ಟರ ಅಧಿಕಾರದೊಳಗೆ ಬರುತ್ತದೆ. ತೆರಕಣಾಂಬಿ ಬೊಮ್ಮರಸನೆಂಬ ಕವಿ ಈ ಊರಿನ ಹೆಸರನ್ನು ತನ್ನ ಹೆಸರಿಗೆ ಅಂಟಿಸಿಕೊಂಡು ಹದಿನೈದನೆಯ ಶತಮಾನದ ಕೊನೆಯ ಭಾಗದಲ್ಲಿ 'ಸನತ್ಕುಮಾರ ಚರಿತೆ'ಯನ್ನೂ 'ಜೀವಂಧರ ಸಾಂಗತ್ಯ'ವನ್ನೂ ಬರೆದನು. ಅವನ ಕಾಲದ ತೆರಕಣಾಂಬಿಯಲ್ಲಿ ತಾಂಬೂಲ ಹಾಕಿಕೊಳ್ಳದವರು ವಿರಳವಿದ್ದಿರಬೇಕು. ಆದರೆ ಆ ತಾಂಬೂಲದಲ್ಲಿ ಹೊಗೆಸೊಪ್ಪು ಇರಲು ಸಾಧ್ಯವೇ ಇರಲಿಲ್ಲ. ವಾಸ್ಕೋ ಡ ಗಾಮನ ಹಡಗು ಮಲಬಾರಿನ ಕರೆ ಮುಟ್ಟಿದ್ದು ೧೪೯೮ರಲ್ಲಿ. ಅಮೆರಿಕದ ಗಿಡವಾದ ತಂಬಾಕು ಪೋರ್ಚುಗೀಸರ ಬೆನ್ನು ಹಿಡಿದು ಇಲ್ಲಿಗೆ ಬಂದದ್ದು ಆಮೇಲೆ. ಗಿಡಕ್ಕೆ ಹಳಗನ್ನಡದಲ್ಲಿ ಹೆಸರು ಕೂಡ ಇಲ್ಲ. ಕಂಡದ್ದನ್ನು ಕಂಡಹಾಗೆ ಹೇಳುವ ನಮ್ಮ ಜನ 'ಹೊಗೆ'ಗೆ 'ಸೊಪ್ಪು' ಸೇರಿಸಿ ಒಂದು ಮಾತು ಕಟ್ಟಿಕೊಂಡರು. ಸಾವಿರಾರು ವರ್ಷದ ತಾಂಬೂಲದ ಮಡಿಲಿಗೆ ನಿನ್ನೆ ಮೊನ್ನೆ ಬಂದು ಕುಳಿತ ಅತಿಥಿ ಇದು. ಪಂಡಿತರ ನಶ್ಯದ ಡಬ್ಬಿ, ಕೈಲಾಸಂ ಅವರ ಸಿಗರೇಟು ಇವೆಲ್ಲ ನಮ್ಮ ಸಾಹಿತ್ಯಗೋಷ್ಠಿಗಳ ಸೊಗಸಾದ ನೆನಪುಗಳೇ ಸರಿ. ನೆನಪು ಸೊಗಸಾಗಿದ್ದ ಮಾತ್ರಕ್ಕೆ ಅದನ್ನು ಹೈಸ್ಕೂಲು ಹುಡುಗನ ಜೇಬಿಗೆ ಇಳಿಸಬೇಕಾಗಿಲ್ಲ.

ನಮ್ಮ ಕಡೆ ಸೇದುವವರಿಗಿಂತ ಜಗಿಯುವವರು ಹೆಚ್ಚು. ಕಡ್ಡಿಪುಡಿ ಇಲ್ಲದ ಎಲೆಚೀಲವನ್ನು ಹಳ್ಳಿಯಲ್ಲಿ ಹುಡುಕಬೇಕು. ಇದು ಚಾಮರಾಜನಗರದ ಮಾತಷ್ಟೇ ಅಲ್ಲ. ೨೦೧೬–೧೭ರ ವಯಸ್ಕರ ತಂಬಾಕು ಸಮೀಕ್ಷೆಯಂತೆ ಕರ್ನಾಟಕದಲ್ಲಿ ತಂಬಾಕು ಬಳಸುವ ವಯಸ್ಕರು ಶೇಕಡ ೨೨.೮. ಸೇದುವವರು ಶೇಕಡ ೮.೮ ಆದರೆ, ಹೊಗೆಯಿಲ್ಲದ ತಂಬಾಕನ್ನು ಬಾಯಿಗೆ ಹಾಕುವವರು ಶೇಕಡ ೧೬.೩. ಬಿಡಿ ಸಿಗರೇಟನ್ನು ನಿಲ್ಲಿಸಿದ ಕಾನೂನು ನಗರದ ಗಿರಾಕಿಯನ್ನು ಮನಸ್ಸಿನಲ್ಲಿಟ್ಟು ಬರೆದಂತಿದೆ. ಹಳ್ಳಿಯ ವಿಷ ಬರುವುದೇ ಒಂದೊಂದು ಬಾಯಿಗೆ ಅಳತೆಯಾದ ಚೀಟಿಯಲ್ಲಿ. ೨೦೧೩ರ ಮೇ ಕೊನೆಯಲ್ಲಿ ನಮ್ಮ ರಾಜ್ಯ ಗುಟ್ಕಾವನ್ನು ನಿಷೇಧಿಸಿತಲ್ಲವೆ? ಬಹುಬೇಗ ಒಂದು ಚೀಟಿ ಎರಡಾಯಿತು. ಒಂದರಲ್ಲಿ ಪಾನ್ ಮಸಾಲೆ, ಇನ್ನೊಂದರಲ್ಲಿ ತಂಬಾಕು. ಬೆರಸುವ ಕೆಲಸವನ್ನು ಗಿರಾಕಿಯ ಅಂಗೈಗೆ ಒಪ್ಪಿಸಿದರು. ಸರಕನ್ನು ನಿಷೇಧಿಸಿದರೆ ಸರಕು ವೇಷ ಬದಲಿಸುತ್ತದೆ. ಮಾರುವವನ ಹೆಸರನ್ನು ಹಿಡಿದುಕೊಂಡರೆ ಅವನು ವೇಷ ಬದಲಿಸುವುದು ಅಷ್ಟು ಸುಲಭವಲ್ಲ.

ಸರ್ಕಾರಗಳಿಗೆ ಹೊಗೆಸೊಪ್ಪಿನ ಲೈಸೆನ್ಸು ಹೊಸದೆಂದು ಯಾರಾದರೂ ಭಾವಿಸಿದ್ದರೆ ಅವರು ಚರಿತ್ರೆಯನ್ನು ಒಂದಿಷ್ಟು ತಿರುವಿ ನೋಡಬೇಕು. ಈಸ್ಟ್ ಇಂಡಿಯಾ ಕಂಪನಿಯವರು ಮಲಬಾರು, ಕೆನರಾ ಜಿಲ್ಲೆಗಳಲ್ಲಿ ಹೊಗೆಸೊಪ್ಪಿನ ವ್ಯಾಪಾರವನ್ನೇ ತಮ್ಮ ಮುಷ್ಟಿಯಲ್ಲಿ ಇಟ್ಟುಕೊಂಡಿದ್ದರು. ಅವರ ಅಪ್ಪಣೆಯಿಲ್ಲದೆ ಯಾರೂ ಮಾರುವಂತಿರಲಿಲ್ಲ, ಬೆಲೆಯೂ ಅವರದೇ. ೧೮೩೭ರಲ್ಲಿ ಸುಳ್ಯದ ಕಡೆಯಿಂದ ಹೊರಟು ಮಂಗಳೂರನ್ನು ಹಿಡಿದ ರೈತ ಬಂಡಾಯಗಾರರು ಜನಕ್ಕೆ ಕೊಟ್ಟ ಭರವಸೆಗಳಲ್ಲಿ ಉಪ್ಪು ಮತ್ತು ಹೊಗೆಸೊಪ್ಪಿನ ಈ ಏಕಸ್ವಾಮ್ಯವನ್ನು ತೊಡೆದುಹಾಕುವುದೂ ಒಂದಾಗಿತ್ತು. ಕೊನೆಗೆ ೧೮೫೩ರಲ್ಲಿ ಕಂಪನಿಯೇ ಅದನ್ನು ಕೈಬಿಟ್ಟಿತು. ಬೊಕ್ಕಸ ತುಂಬಿಸುವುದಕ್ಕಾಗಿ ಹೊಗೆಸೊಪ್ಪಿನ ಪ್ರತಿಯೊಂದು ಹೊರೆಯ ಲೆಕ್ಕವನ್ನು ಇಡಲು ಬಂದ ಕೈಗಳಿಗೆ, ಮಕ್ಕಳನ್ನು ಕಾಯುವುದಕ್ಕಾಗಿ ಒಂದು ಊರಿನ ಇಪ್ಪತ್ತು ಅಂಗಡಿಗಳ ಪಟ್ಟಿ ಬರೆಯಲು ಬಾರದೆ? ಅಂದಿನ ಲೈಸೆನ್ಸಿನ ಮೇಲೆ ಜನ ದಂಗೆಯೆದ್ದದ್ದು ನ್ಯಾಯ. ಇಂದು ಕೇಳುತ್ತಿರುವ ಲೈಸೆನ್ಸಿನಿಂದ ಸರ್ಕಾರಕ್ಕೆ ಚಿಕ್ಕಾಸೂ ಬರಬೇಕಾಗಿಲ್ಲ.

ಇಷ್ಟು ಹಿಂದೆ ಹೋಗುವುದೂ ಬೇಡ. ಹುಣಸೂರು, ಪಿರಿಯಾಪಟ್ಟಣದ ಕಡೆಯ ಸಿಗರೇಟು ತಂಬಾಕಿನ ಬೆಳೆಗಾರನನ್ನು ಕೇಳಿ ನೋಡಿ. ೧೯೭೫ರ ಕಾಯಿದೆಯಂತೆ ಹುಟ್ಟಿದ ತಂಬಾಕು ಮಂಡಳಿಯಲ್ಲಿ ಅವನು ಹೆಸರು ನೋಂದಾಯಿಸಬೇಕು. ಸೊಪ್ಪು ಬೇಯಿಸುವ ಬ್ಯಾರನ್ನಿಗೆ ಲೈಸೆನ್ಸು ಪಡೆಯಬೇಕು. ಎಷ್ಟು ಬೆಳೆಯಬಹುದೆಂದು ಮಂಡಳಿ ಗೊತ್ತುಮಾಡಿದ ಮಿತಿಯನ್ನು ಮೀರಿದರೆ ದಂಡ. ಬೇಲು ಕಟ್ಟಿ ಹರಾಜು ಮಾರುಕಟ್ಟೆಗೇ ಒಯ್ಯಬೇಕು. ಕೈ ಕಪ್ಪಾಗಿ, ಕಣ್ಣು ಉರಿದು, ಸೌದೆಗೆ ಸಾಲ ಮಾಡಿ ಬೆಳೆದವನ ಪ್ರತಿ ಹೆಜ್ಜೆಯೂ ಬರಹದಲ್ಲಿದೆ. ಬೀಡಿ ಕಟ್ಟುವವರ ವಿಷಯದಲ್ಲೂ ಹಾಗೆಯೇ. ೧೯೬೬ರ ಬೀಡಿ ಕಾರ್ಮಿಕರ ಕಾಯಿದೆ ಬೀಡಿ ಕಟ್ಟಿಸುವ ಜಾಗಕ್ಕೇ ಲೈಸೆನ್ಸು ಕೇಳಿತ್ತು. ಕಡ್ಡಿಪುಡಿಯ ಸೊಪ್ಪು ಮಂಡಳಿಯ ಲೆಕ್ಕಕ್ಕೆ ಬರುವುದಿಲ್ಲವೆಂಬುದು ನಿಜ. ಅದಿರಲಿ. ಹೊಲದಿಂದ ಕಾರ್ಖಾನೆಯವರೆಗೆ ಜಾತಕ ಬರೆಸಿಕೊಂಡು ಬಂದ ಎಲೆ, ಕಟ್ಟಕಡೆಗೆ ಅಂಗಡಿಯ ಹಲಗೆಯಿಂದ ಹುಡುಗನ ಕೈಗೆ ದಾಟುವ ಎರಡಡಿ ದೂರದಲ್ಲಿ ಮಾತ್ರ ಅನಾಮಧೇಯವಾಗುತ್ತದೆ. ಅಪಾಯ ಇರುವುದು ಆ ಎರಡಡಿಯಲ್ಲಿಯೇ.

ಇಷ್ಟು ಹೇಳಿದೊಡನೆ ಬರುವ ಆಕ್ಷೇಪಣೆ ಎಲ್ಲರಿಗೂ ಗೊತ್ತಿರುವುದು: ಬಡವರ ಹೊಟ್ಟೆಯ ಮೇಲೆ ಹೊಡೆಯುತ್ತೀರಿ. ವರ್ತಕರ ಸಂಘಗಳು ಇದನ್ನು ಹೇಳಿದಾಗ ನನಗೆ ನಗು ಬರುತ್ತದೆ. ಲಾಭದ ದೊಡ್ಡ ಪಾಲು ಎಲ್ಲಿ ಸೇರುತ್ತದೆಂಬುದನ್ನು ಅವರು ಎಂದೂ ಹೇಳುವುದಿಲ್ಲ. ಪೆಟ್ಟಿಗೆ ಅಂಗಡಿಯವರೇ ಹೇಳಿದಾಗ ನಗು ಬರುವುದಿಲ್ಲ. ನಾನು ಬಲ್ಲ ಒಬ್ಬ ಮುದುಕಿ ಗಂಡ ತೀರಿದ ಮೇಲೆ ಅಂಗಡಿ ಇಟ್ಟುಕೊಂಡು ಇಬ್ಬರು ಮೊಮ್ಮಕ್ಕಳನ್ನು ಸಾಕುತ್ತಿದ್ದಾಳೆ. "ಅವ್ವ, ಈ ಚೀಟಿಗಳ ಯಾಕವ್ವ ಮಕ್ಕಳ ಕೈಗೆ ಕೊಟ್ಟೆ?" ಎಂದು ಕೇಳಿದರೆ ಆಕೆಯ ಉತ್ತರ ಸಿದ್ಧವಾಗಿದೆ: "ಬಿಸ್ಕತ್ತಲ್ಲಿ ಏನ್ ಬಂದದು ಮೇಷ್ಟ್ರೇ? ನಾ ಕೊಡ್ನಿಲ್ಲ ಅಂದ್ರ ಪಕ್ಕದವ ಕೊಟ್ಟನು. ನನ್ ಗಿರಾಕಿ ಹೋಯ್ತದ ಅಷ್ಟೇಯ."

ಈ ಮಾತನ್ನು ನಾನು ಬಹಳ ದಿನ ತಲೆಯಲ್ಲಿ ಹೊತ್ತುಕೊಂಡು ತಿರುಗಿದ್ದೇನೆ. ಅದರಲ್ಲಿ ಲೈಸೆನ್ಸಿನ ಪರವಾದ ವಾದವೇ ಅಡಗಿದೆ. ಪಕ್ಕದವನು ಕೊಡುತ್ತಾನೆಂಬ ಭಯವಿರುವತನಕ ಆಕೆ ಒಬ್ಬಳೇ ಒಳ್ಳೆಯವಳಾಗಿರಲು ಶಕ್ತಳಲ್ಲ. ಒಳ್ಳೆಯತನದ ಬೆಲೆಯನ್ನು ಆಕೆಯ ಮೊಮ್ಮಕ್ಕಳು ತೆರಬೇಕಾಗುತ್ತದೆ. ಊರಿನಲ್ಲಿ ಇಂತಿಷ್ಟೇ ಅಂಗಡಿ, ಇಂತಿಂತಹವರದೇ ಅಂಗಡಿ ಎಂದು ಗೊತ್ತಾದರೆ, ಹುಡುಗನಿಗೆ ಮಾರಿದವನು ಆ ಪಟ್ಟಿಯಿಂದ ಹೊರಬೀಳುತ್ತಾನೆಂದು ಗೊತ್ತಾದರೆ, "ಇಲ್ಲ ಮಗ, ಹೋಗು" ಎನ್ನುವುದಕ್ಕೆ ಆಕೆಗೆ ನಷ್ಟವಿಲ್ಲ. ಇಂದು ಅಧಿಕಾರಿಗಳು ದಾಳಿ ಬಂದಾಗ ಓಡಲಾರದ ಮುದುಕಿಯೇ ದಂಡ ಕಟ್ಟುತ್ತಾಳೆ; ಬುಟ್ಟಿ ಹೊತ್ತು ಓಡಬಲ್ಲ ಗಟ್ಟಿಗ ಸಂದಿ ಹಿಡಿಯುತ್ತಾನೆ. ೧೦೦೦ ರೂಪಾಯಿ ಆಕೆಗೆ ಎಷ್ಟು ದಿನದ ಸಂಪಾದನೆ ಎಂಬುದನ್ನು ಮಸೂದೆ ಬರೆದವರು ಯೋಚಿಸಿರಬಹುದೇ? ಗುಂಡ್ಲುಪೇಟೆಯಂತಹ ಪಟ್ಟಣದ ತಳ್ಳುಗಾಡಿಯವನಿಗೆ ೨೦೧೪ರ ಬೀದಿ ವ್ಯಾಪಾರಿಗಳ ಕಾಯಿದೆ ಒಂದು ಪ್ರಮಾಣಪತ್ರದ ಆಸರೆಯನ್ನಾದರೂ ಕೊಟ್ಟಿದೆ. ಕಾಗದವೆಂಬುದು ಬಡವನಿಗೆ ಬರಿಯ ಬೇಡಿ ಅಲ್ಲ, ಅವನನ್ನು ಗದರಿಸಲು ಬಂದವನ ಮುಂದೆ ಹಿಡಿಯುವ ಗುರಾಣಿಯೂ ಹೌದು.

ಇನ್ನು, ಲೈಸೆನ್ಸು ಎಂದರೆ ಲಂಚ ಎನ್ನುವವರು. ಇವರ ಮಾತನ್ನು ತಳ್ಳಿಹಾಕಲಾರೆ. ಹೊರದೇಶದ ಒಂದು ಉದಾಹರಣೆ ಇವರ ಪಕ್ಷದಲ್ಲಿಯೇ ಇದೆ. ಹಂಗೇರಿಯಲ್ಲಿ ೨೦೧೩ರ ಜುಲೈಯಿಂದ ತಂಬಾಕು ಮಾರುವ ಹಕ್ಕನ್ನು ಸರ್ಕಾರ ತನ್ನದಾಗಿಸಿಕೊಂಡು, ನಲವತ್ತು ಸಾವಿರದಷ್ಟಿದ್ದ ಅಂಗಡಿಗಳನ್ನು ಏಳು ಸಾವಿರಕ್ಕಿಂತ ಕೆಳಗೆ ಇಳಿಸಿತು. ಅಂಗಡಿಗಳು ಕಡಮೆಯಾದವು, ಸರಿ. ಆದರೆ ಆ ಹಕ್ಕುಗಳು ಆಳುವ ಪಕ್ಷದ ಬಳಗಕ್ಕೆ ಹಂಚಿಹೋದವೆಂಬ ಆರೋಪ ದೇಶವನ್ನೆಲ್ಲ ತುಂಬಿತು. ರಾಜಧಾನಿಯಲ್ಲಿ ಕುಳಿತು, ಮುಚ್ಚಿದ ಬಾಗಿಲಿನ ಹಿಂದೆ ಹಂಚಿದ ಯಾವ ಪರವಾನಗಿಗೂ ಇದೇ ಗತಿ. ಇದಕ್ಕೆ ಪ್ರತಿಯಾಗಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರ ೨೦೧೪ರ ಕೊನೆಯಲ್ಲಿ ಮಾಡಿದ ನಿಯಮವನ್ನು ನೋಡಬೇಕು. ನಗರದ ೧೧ ವಿಭಾಗಗಳಲ್ಲಿ ಒಂದೊಂದಕ್ಕೂ ೪೫ ಪರವಾನಗಿಗಳ ಮಿತಿ ಹಾಕಿದರು. ಹೊಸದಾಗಿ ಬರುವವನು ಶಾಲೆಯಿಂದ ೫೦೦ ಅಡಿ, ಇನ್ನೊಂದು ತಂಬಾಕಿನ ಅಂಗಡಿಯಿಂದಲೂ ೫೦೦ ಅಡಿ ದೂರವಿರಬೇಕು. ಮುಖ್ಯವಾದ ಸಂಗತಿಯೆಂದರೆ, ಹಾಲಿ ಇದ್ದ ಅಂಗಡಿಕಾರರನ್ನು ಅವರು ಎಬ್ಬಿಸಲಿಲ್ಲ. ಅಂಗಡಿ ತಾನಾಗಿ ಮುಚ್ಚಿದಂತೆ ಸಂಖ್ಯೆ ತಾನಾಗಿ ಇಳಿಯಲೆಂದು ಬಿಟ್ಟರು. ನಮ್ಮ ಮುದುಕಿಯಂತಹವರಿಗೆ ಹೊಂದುವ ಉಪಾಯ ಇದು.

ನಮ್ಮಲ್ಲಿಯೂ ಈ ವಿಚಾರ ಯಾರಿಗೂ ಹೊಳೆದಿಲ್ಲವೆಂದಲ್ಲ. ೨೦೧೭ರ ಸೆಪ್ಟೆಂಬರಿನಲ್ಲಿ ಕೇಂದ್ರ ಆರೋಗ್ಯ ಮಂತ್ರಾಲಯ ರಾಜ್ಯಗಳಿಗೆ ಪತ್ರ ಬರೆದು, ತಂಬಾಕು ಮಾರುವವರಿಗೆ ಸ್ಥಳೀಯ ಸಂಸ್ಥೆಗಳ ಮೂಲಕ ಪರವಾನಗಿ ಕೊಡುವ ಏರ್ಪಾಡಾಗಲಿ, ಪರವಾನಗಿ ಪಡೆದ ಅಂಗಡಿಯಲ್ಲಿ ಮಿಠಾಯಿ, ಬಿಸ್ಕತ್ತು, ತಂಪು ಪಾನೀಯ ಮುಂತಾದ ಮಕ್ಕಳ ಸರಕು ಇರದಿರಲಿ ಎಂದು ಸಲಹೆ 
ಕೊಟ್ಟಿತು. ಲಕ್ನೋ ನಗರ ೨೦೨೧ರಲ್ಲಿ ಇಂತಹ ಪರವಾನಗಿಯನ್ನು ಜಾರಿಗೆ ತಂದಿತು. ಆದರೆ ಆ ಪತ್ರದ ದೃಷ್ಟಿ ನಗರಸಭೆಗಳ ಮೇಲೆ. ತೆರಕಣಾಂಬಿ ಗ್ರಾಮ ಪಂಚಾಯಿತಿಗೆ ಸೇರಿದ ಊರು. ನಮ್ಮ ಸುಧಾರಣೆಗಳು ಯಾವಾಗಲೂ ಪುರಸಭೆಯ ಗಡಿಕಲ್ಲಿನ ಬಳಿ ಬಸ್ಸಿನಿಂದ ಇಳಿದುಬಿಡುತ್ತವೆ.

ನನ್ನ ಮನಸ್ಸಿನಲ್ಲಿರುವ ಏರ್ಪಾಡು ಸರಳವಾದದ್ದು. ಹೋಟೆಲಿಗೆ ಪರವಾನಗಿ ಕೊಡುವ ಪಂಚಾಯಿತಿಗೇ ಹೊಗೆಸೊಪ್ಪಿನ ಪರವಾನಗಿಯನ್ನೂ ವಹಿಸಬೇಕು. ಅದನ್ನು ಕಚೇರಿಯ ಮೇಜಿನ ಮೇಲೆ ಕೊಡದೆ ಗ್ರಾಮಸಭೆಯಲ್ಲಿ, ಊರಿನ ತಾಯಂದಿರು ಕುಳಿತಿರುವಾಗ, ಹೆಸರು ಕೂಗಿ ಕೊಡಬೇಕು. ಯಾರು ಮಕ್ಕಳಿಗೆ ಮಾರುತ್ತಾರೆಂಬುದು ಯಾವ ಇನ್ಸ್‌ಪೆಕ್ಟರಿಗಿಂತ ಚೆನ್ನಾಗಿ ಅವರಿಗೆ ಗೊತ್ತು. ಇಂದು ಮಾರುತ್ತಿರುವವರಿಗೆಲ್ಲ ಮೊದಲ ಸಲ ಪರವಾನಗಿ ಸಿಗಲಿ, ಶುಲ್ಕ ಹೆಸರಿಗೆ ಮಾತ್ರ ಇರಲಿ. ಆದರೆ ಅದು ಮಾರಾಟಕ್ಕೂ ಇಲ್ಲ, ವಾರಸಿಗೂ ಇಲ್ಲ. ಪಡೆದವರ ಕಾಲಕ್ಕೆ ಮುಗಿಯತಕ್ಕದ್ದು. ಹೊಸ ಪರವಾನಗಿ ಬೇಡ. ನೂರು ಮೀಟರಿನ ಒಳಗಿರುವ ಅಂಗಡಿಗೆ ಈಗಿನ ಕಾನೂನಿನಂತೆಯೇ ಪರವಾನಗಿ ಸಲ್ಲದು. ಅವರಿಗೆ ಪಂಚಾಯಿತಿ ಬೇರೆ ಜಾಗ ತೋರಿಸಬೇಕು, ಇಲ್ಲವೆ ಬೇರೆ ಸರಕು ಹಿಡಿಯಲು ಸಾಲ ಕೊಡಿಸಬೇಕು. ಕಡಲೆಮಿಠಾಯಿಯೂ ತಂಬಾಕೂ ಒಂದೇ ಪೆಟ್ಟಿಗೆಯಲ್ಲಿ ಇರಬಾರದು. ಈರುಳ್ಳಿ ಔಷಧಿಗೆ ಅನ್ವಯಿಸಿದ ನಿಯಮವನ್ನು ಇದಕ್ಕೂ ಅನ್ವಯಿಸಿ ಎಂದಷ್ಟೇ ಕೇಳುತ್ತಿದ್ದೇನೆ. ಮುದುಕಿ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದೀತು. ಆಕೆ ಯಾವುದನ್ನು ಆರಿಸುವಳೋ ನಾನರಿಯೆ. ಬಿಸ್ಕತ್ತಿನಲ್ಲಿ ನಾಲ್ಕು ಕಾಸು ಹೆಚ್ಚು ಉಳಿಯುವಂತೆ ಮಾಡುವುದು ಸರ್ಕಾರಕ್ಕೆ ಅಸಾಧ್ಯವೇನಲ್ಲ.

ಸರ್ಕಾರದ ವರಮಾನ ಕುಗ್ಗೀತು ಎನ್ನುವವರಿಗೆ ಉತ್ತರ ಬರೆದು ಈ ಪುರವಣಿಯ ಜಾಗವನ್ನು ಹಾಳುಮಾಡುವುದಿಲ್ಲ. ಸೇದುವ ಸ್ವಾತಂತ್ರ್ಯದ ಮಾತೆತ್ತುವ ಮಹನೀಯರಿಗೆ ಇಷ್ಟೇ ಅರಿಕೆ: ತಾವು ಇಪ್ಪತ್ತೊಂದು ದಾಟಿದವರು, ಪರವಾನಗಿಯ ಅಂಗಡಿ ತಮಗಾಗಿ ತೆರೆದೇ ಇರುತ್ತದೆ, ಇನ್ನೂರು ಹೆಜ್ಜೆ ಹೆಚ್ಚು ನಡೆಯಬೇಕಾದೀತು. ನಡಿಗೆ ಒಳ್ಳೆಯದೆಂದು ವೈದ್ಯರೂ ಹೇಳುತ್ತಾರೆ.

ಒಂದು ಮಾತು ಮಾತ್ರ ತಿದ್ದುಪಡಿ ಬರೆಯುವವರ ಗಮನಕ್ಕೆ ಬರಬೇಕು. ನೂರು ಮೀಟರನ್ನು ಶಾಲೆಯ ಗೋಡೆಯಿಂದ ಅಳೆಯುವಾಗ, ಮಕ್ಕಳು ಹತ್ತುವ ಬಸ್ಸಿನ ನಿಲ್ದಾಣದಿಂದಲೂ ಅಳೆಯುವಂತಾಗಲಿ. ರಾಜ್ಯದ ಕಾಯಿದೆ ಮತ್ತೊಮ್ಮೆ ತಿದ್ದುವತನಕ ಪಂಚಾಯಿತಿಯೇ ಈ ಕೆಲಸವನ್ನು ಪ್ರಾರಂಭಿಸಬಹುದು. ನಿಲ್ದಾಣದ ಸುತ್ತ ಪೆಟ್ಟಿಗೆ ಇಡಲು ಜಾಗ ಕೊಡುವಾಗ ಷರತ್ತು ಹಾಕುವುದಕ್ಕೆ ಯಾರ ಅಂಕಿತವನ್ನೂ ಕಾಯಬೇಕಾಗಿಲ್ಲ. ಹೊಗೆಸೊಪ್ಪು ಮಾರುವವರ ಹೆಸರುಗಳ ಪಟ್ಟಿಯೊಂದನ್ನು ಮುಂದಿನ ಗ್ರಾಮಸಭೆಯಲ್ಲಿ ಓದಬೇಕೆಂದು ನಾನು ಪಂಚಾಯಿತಿಗೆ ಬರೆದುಕೊಟ್ಟಿದ್ದೇನೆ. ಅರ್ಜಿ ತಲುಪಿದ್ದಕ್ಕೆ ಮೊಹರು ಹಾಕಿ ಕೊಟ್ಟಿದ್ದಾರೆ. ಸಭೆಯ ದಿನ ಇನ್ನೂ ಗೊತ್ತಾಗಿಲ್ಲ.